ಪದದ ಒಡೆತನ: ಬರೆದವನೊಬ್ಬನೇ ಕರ್ತೃವೆ?

ಯಕ್ಷಗಾನ ಪ್ರಸಂಗಗಳ ಕರ್ತೃತ್ವವನ್ನು ಕುರಿತು ನಮ್ಮ ವಿದ್ವಾಂಸರು ವ್ಯಯಿಸಿದ ಶಕ್ತಿ ಅಲ್ಪವಲ್ಲ. ರಾಮಾಯಣದ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವೆಂದು ಮುಳಿಯ ತಿಮ್ಮಪ್ಪಯ್ಯನವರು ಸಾಧಿಸಹೊರಟರು. ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ಅದನ್ನು ಅಲ್ಲಗಳೆದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರವಾಗಿ ನಿಂತರು. ಈ ವಾಗ್ವಾದದಿಂದ ಸಾಹಿತ್ಯ ಚರಿತ್ರೆಗೆ ಲಾಭವೇ ಆಗಿದೆ. ಆದರೆ ಅದರ ಕೇಂದ್ರದಲ್ಲಿದ್ದುದು ಸಾಹಿತ್ಯ ಬರೆದವರು ಯಾರೆಂಬ ಪ್ರಶ್ನೆ. ಆ ಸಾಹಿತ್ಯ ಹಾಡಾಗುವಂತೆ ಮಾಡಿದವರು ಯಾರೆಂಬುದು ನಮ್ಮ ಸಂಶೋಧನೆಯಲ್ಲಿ ಇಂದಿಗೂ ಗೌಣ. ಇದು ಕೇವಲ ಅಲಕ್ಷ್ಯವಲ್ಲ, ಅನ್ಯಾಯ.

ಆಲಂಕಾರಿನ ಗದ್ದೆಯಲ್ಲಾಗಲಿ, ಕಡಬ ಸುಳ್ಯಗಳ ದೇವಸ್ಥಾನದ ಅಂಗಳದಲ್ಲಾಗಲಿ, ಪುಸ್ತಕ ಕೈಯಲ್ಲಿ ಹಿಡಿದು ಆಟ ನೋಡಿದವರಿಗೆ ಇದು ಸ್ಪಷ್ಟವಾದೀತು. ಪ್ರಸಂಗ ಪುಸ್ತಕದಲ್ಲಿ ಪದ್ಯದ ಮೇಲಿರುವುದು ರಾಗ ತಾಳಗಳ ಹೆಸರು ಮಾತ್ರ. ಎಲ್ಲಿ ಎತ್ತಿಕೊಳ್ಳಬೇಕು, ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ಭಾಗವತನ ಕಂಠದಲ್ಲಿದೆ. ಎಷ್ಟೋ ವೇಳೆ ಅಚ್ಚಾದ ರಾಗವೇ ರಂಗದಲ್ಲಿ ಬದಲಾಗುತ್ತದೆ. ಪ್ರಸಂಗಕರ್ತನಾದರೂ ಬಹುಮಟ್ಟಿಗೆ ಹಿಂದಿನವರ ಮಟ್ಟನ್ನು ಕಿವಿಯಲ್ಲಿಟ್ಟುಕೊಂಡೇ ಬರೆಯುವವನು. ಹೀಗಿದ್ದೂ ಮುಖಪುಟದಲ್ಲಿ ಕರ್ತೃವಾಗಿ ಕಾಣುವವನು ಅವನೊಬ್ಬನೇ. ಅಗರಿ ಶೈಲಿ, ಬಲಿಪ ಶೈಲಿ ಎಂದು ಅಭಿಮಾನದಿಂದ ಹೇಳುವ ನಾವು, ಅಗರಿ ಶ್ರೀನಿವಾಸ ಭಾಗವತರನ್ನೂ ಬಲಿಪ ನಾರಾಯಣ ಭಾಗವತರನ್ನೂ ಕರ್ತೃಗಳೆಂದು ದಾಖಲಿಸುವುದು ಅವರು ಸ್ವತಃ ಪ್ರಸಂಗ ರಚಿಸಿದ್ದಕ್ಕೆ ಮಾತ್ರ!

ರಾಗ ಎಲ್ಲರ ಸೊತ್ತು, ಅದರಲ್ಲಿ ಒಬ್ಬನ ಹಕ್ಕೇನು ಎಂಬ ಆಕ್ಷೇಪವಿದೆ. ಹಾಗಾದರೆ ಛಂದಸ್ಸು ಯಾರ ಸೊತ್ತು? ಸಾಂಗತ್ಯ ರತ್ನಾಕರವರ್ಣಿಯ ಸ್ವಂತದ್ದಲ್ಲವೆಂದು ಭರತೇಶ ವೈಭವ ಅವನದ್ದಲ್ಲವೆಂದು ಯಾರೂ ಹೇಳಿಲ್ಲ. ಸಾಮಾನ್ಯವಾದುದರಿಂದ ವಿಶೇಷವನ್ನು ಕಡೆದವನೇ ಕರ್ತೃ ಎಂಬ ನ್ಯಾಯ ಕವಿಗೆ ಸಲ್ಲುವುದಾದರೆ ಭಾಗವತನಿಗೂ ಸಲ್ಲಬೇಕು.

ಹಾಗೆಂದರೆ ಚೆಂಡೆ ಮದ್ದಲೆಯವರೂ ಕರ್ತೃಗಳೇ, ಮಿತಿಯೆಲ್ಲಿ ಎಂಬುದು ಎರಡನೆಯ ಆಕ್ಷೇಪ. ಮಿತಿ ಕಠಿನವಲ್ಲ. ಇನ್ನೊಬ್ಬರು ಪ್ರಯೋಗಿಸಿದಾಗಲೂ ಹಾಡಿನಲ್ಲಿ ಉಳಿಯುವುದು ರಚನೆ. ಆ ಕಲಾವಿದನೊಂದಿಗೇ ಎದ್ದುಹೋಗುವುದು ಪ್ರದರ್ಶನ. ಎರಡಕ್ಕೂ ಗೌರವವಿದೆ, ಹೆಸರು ಬೇರೆ. ಮದ್ದಲೆಗಾರನು ಹೊಸೆದ ನಡೆ ಮುಂದಿನ ತಲೆಮಾರಿಗೂ ಪದ್ಯದ ಅಂಗವಾಗಿ ಉಳಿದರೆ ಅವನೂ ರಚನಕಾರನೇ.

ಕಾನೂನು ಇದನ್ನು ನಮಗಿಂತ ಮೊದಲು ಕಲಿತಿತು. 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಮೊದಲು ಬರಹಕ್ಕಿಳಿದ ಸಂಗೀತವಷ್ಟೇ ಸಂಗೀತಕೃತಿಯಾಗಿತ್ತು. 1994ರ ತಿದ್ದುಪಡಿ ಆ ನಿಬಂಧನೆಯನ್ನು ಕೈಬಿಟ್ಟಿತು: ಸ್ವರಲಿಪಿ ಇರಲಿ ಇಲ್ಲದಿರಲಿ, ಸಂಗೀತ ರಚಿಸಿದವನು ಸಂಯೋಜಕನೇ. ಸಾಹಿತ್ಯದ ಹಕ್ಕು ಬೇರೆ, ಸಂಗೀತದ ಹಕ್ಕು ಬೇರೆ. ಅಚ್ಚಾದ ಪುಟದ ಮೋಹವನ್ನು ಕಾಯಿದೆ ತೊರೆದು ಮೂರು ದಶಕ ಕಳೆದರೂ ಕನ್ನಡ ವಿಭಾಗಗಳು ತೊರೆದಿಲ್ಲ.

ನಾಡಗೀತೆಯ ಪ್ರಕರಣವೂ ಇದನ್ನೇ ಹೇಳುತ್ತದೆ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು, ಸಿ. ಅಶ್ವತ್ಥ್ ಅವರ ಧಾಟಿಯ ಪರವಾದ ತಕರಾರು ಹೈಕೋರ್ಟಿನವರೆಗೆ ಹೋಯಿತು. ಕವಿತೆ ಒಂದೇ, ಧಾಟಿಗಳು ಎರಡು, ಒಂದೊಂದಕ್ಕೂ ಒಬ್ಬೊಬ್ಬ ಕರ್ತೃ. ಸುಗಮ ಸಂಗೀತಕ್ಕೆ ನಾಡು ಒಪ್ಪಿದ ಈ ಸತ್ಯ ಬಯಲಾಟದ ಬಾಗಿಲಲ್ಲಿ ಏಕೆ ನಿಂತುಬಿಡಬೇಕು?

ಬೇಡಿಕೆ ದೊಡ್ಡದೇನಲ್ಲ. ಮುಂದಿನ ಪ್ರಸಂಗ ಸಂಪುಟಗಳಲ್ಲಿ, ಧ್ವನಿಮುದ್ರಿಕೆಗಳಲ್ಲಿ, ಪಿಎಚ್‌.ಡಿ. ಪ್ರಬಂಧಗಳಲ್ಲಿ ಸಾಹಿತ್ಯ, ಮಟ್ಟು, ಹಾಡಿಕೆ ಎಂದು ಮೂರು ನಮೂದುಗಳಿರಲಿ. ಮಟ್ಟು ಪರಂಪರೆಯದಾದರೆ ಪರಂಪರೆಯದೆಂದೇ ಬರೆಯೋಣ. ಹಳೆಯ ಮಟ್ಟಿಗೆ ಹೊಸಬರು ತಮ್ಮ ಹೆಸರು ಅಂಟಿಸಿಕೊಳ್ಳುವ ಕಳವಿಗೂ ಅದೇ ತಡೆ. ಬಲಿಪರು 2023ರಲ್ಲಿ ತೀರಿಕೊಂಡರು. ಯಾವ ಪದ್ಯದ ಯಾವ ತಿರುವು ಯಾರದೆಂದು ಕಿವಿಯಿಂದಲೇ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಪಾರ್ತಿಸುಬ್ಬನ ವಿಷಯದಲ್ಲಿ ಓಲೆಗರಿಗಳಾದರೂ ಇದ್ದವು, ಮಟ್ಟಿಗೆ ಓಲೆಗರಿಯಿಲ್ಲ. ಸಂಶೋಧಕರು ಗ್ರಂಥಾಲಯಕ್ಕೆ ಹೋಗುವ ಮುನ್ನ ಚೌಕಿಗೆ ಹೋಗಲಿ.