ಹಕ್ಕಿಯ ಕಾಲಿಗೊಂದು ಉಂಗುರ



ಮಳೆಗಾಲ ಮುಗಿದು ಭತ್ತದ ಕೊಯ್ಲು ಸಮೀಪಿಸುವ ಹೊತ್ತಿಗೆ ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಗದ್ದೆ ಬಯಲುಗಳಲ್ಲಿಯೂ ಕೆರೆಯಂಚಿನ ಜೊಂಡಿನ ಮೇಲೂ ರೆಕ್ಕೆಗಳನ್ನು ತುಸು ಮೇಲೆತ್ತಿ ತೇಲುತ್ತ ಸಾಗುವ ಬೇಟೆಹಕ್ಕಿಗಳನ್ನು ನಮ್ಮ ರೈತ ಬಂಧುಗಳು ಕಂಡಿರುತ್ತಾರೆ. ಗಿಡುಗನ ಬಳಗದ ಇವುಗಳಿಗೆ ಸೆಳೆವ ಎಂದು ಹೆಸರು. ಉತ್ತರದ ಶೀತಪ್ರದೇಶಗಳಲ್ಲಿ ಹುಟ್ಟಿ, ಚಳಿಗಾಲವನ್ನು ನಮ್ಮಲ್ಲಿ ಕಳೆದು, ಬೇಸಿಗೆಗೆ ಹಿಂದಿರುಗುವ ಅತಿಥಿಗಳಿವು. ದಾಂಡೇಲಿ, ಜೋಯಿಡಾ ಕಾಡುಗಳಲ್ಲಿ ವರ್ಷವಿಡೀ ನೆಲೆಸುವ ಮಂಗಟ್ಟೆಯನ್ನು ನಾವೆಲ್ಲರೂ ಬಲ್ಲೆವು. ಬಂದುಹೋಗುವ ಅತಿಥಿಯ ಊರು ಯಾವುದು, ದಾರಿ ಯಾವುದು ಎಂಬುದನ್ನು ಅರಿಯುವ ಬಗೆ ಹೇಗೆ?

ಇದಕ್ಕಾಗಿ ಪಕ್ಷಿತಜ್ಞರು ಕಂಡುಕೊಂಡ ಉಪಾಯ ಸರಳವಾದುದು. ಸರ್ಕಾರದ ಅನುಮತಿ ಪಡೆದು, ನವಿರಾದ ಬಲೆಯಲ್ಲಿ ಹಕ್ಕಿಯನ್ನು ಹಿಡಿದು, ತೂಕವನ್ನೂ ರೆಕ್ಕೆಯ ಉದ್ದವನ್ನೂ ಬರೆದುಕೊಂಡು, ಕಾಲಿಗೆ ಹಗುರವಾದ ಲೋಹದ ಉಂಗುರ ತೊಡಿಸಿ ಬಿಟ್ಟುಬಿಡುತ್ತಾರೆ. ಉಂಗುರದ ಮೇಲೆ ಒಂದು ಸಂಖ್ಯೆ ಮತ್ತು ಯಾರಿಗೆ ತಿಳಿಸಬೇಕೆಂಬ ಒಕ್ಕಣೆ ಇರುತ್ತದೆ. ಮುಂದೆ ಎಲ್ಲಿಯೋ ಯಾರಿಗೋ ಆ ಹಕ್ಕಿ ಸಿಕ್ಕು, ಅವರು ಒಂದು ಪತ್ರ ಬರೆದರೆ ಅದರ ಪಯಣದ ಎರಡು ತುದಿಗಳು ತಿಳಿಯುತ್ತವೆ.

ನಮ್ಮ ದೇಶದಲ್ಲಿ ಈ ಕಾರ್ಯ ವ್ಯಾಪಕವಾಗಿ ನಡೆದುದರ ಹಿಂದೆ ಮಲೆನಾಡಿನದೇ ಒಂದು ಸಂಕಟವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಜನರು ಮಾರಕ ಜ್ವರಕ್ಕೆ ತುತ್ತಾದರು. ಅದೇ ಮಂಗನ ಕಾಯಿಲೆ. ಅದರ ರೋಗಾಣು ರಷ್ಯಾ ದೇಶದ ಒಂದು ರೋಗಾಣುವನ್ನು ಹೋಲುತ್ತಿದ್ದುದರಿಂದ, ಉತ್ತರದಿಂದ ಬರುವ ಹಕ್ಕಿಗಳೇ ಅದನ್ನು ಹೊತ್ತು ತಂದವೋ ಎಂಬ ಸಂಶಯ ಮೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ 1959ರಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಹಕ್ಕಿಗಳ ಮೇಲಿನ ಆ ಸಂಶಯ ಸಾಬೀತಾಗಲಿಲ್ಲ. ರೋಗವನ್ನು ಮನುಷ್ಯರಿಗೆ ದಾಟಿಸುವುದು ಕಾಡಿನ ಉಣುಗು. ಭಯದಿಂದ ಆರಂಭವಾದ ಶೋಧನೆ ಹಕ್ಕಿಗಳ ಬಗೆಗಿನ ಅರಿವನ್ನು ಹಿಗ್ಗಿಸಿತು.

ಉಂಗುರವು ಪಯಣದ ಎರಡು ತುದಿಗಳನ್ನಷ್ಟೇ ಹೇಳಬಲ್ಲದು. ನಡುವಿನ ದಾರಿಯನ್ನು ತಿಳಿಯಲು ಉಪಗ್ರಹದ ನೆರವು ಬೇಕಾಯಿತು. ಅದಕ್ಕೆ ಉತ್ತಮ ನಿದರ್ಶನ ಅಮೂರ್ ಚಾಣವೆಂಬ ಪುಟ್ಟ ಬೇಟೆಹಕ್ಕಿ. ಸೈಬೀರಿಯಾದ ಪೂರ್ವಭಾಗ, ಚೀನಾದ ಉತ್ತರಭಾಗಗಳಲ್ಲಿ ಮರಿಮಾಡಿ, ದಕ್ಷಿಣ ಆಫ್ರಿಕಾದತ್ತ ಹೋಗುವಾಗ ಇದು ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ತಂಗುತ್ತದೆ. 2012ರಲ್ಲಿ ಅಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಇವುಗಳನ್ನು ಬಲೆಯಲ್ಲಿ ಹಿಡಿದು ಮಾಂಸಕ್ಕಾಗಿ ಮಾರುತ್ತಿದ್ದ ಸುದ್ದಿ ಲೋಕಕ್ಕೆ ತಿಳಿಯಿತು. ಮರುವರ್ಷವೇ ಪಂಗ್ತಿ ಮೊದಲಾದ ಗ್ರಾಮಗಳ ಹಿರಿಯರು ಸಭೆ ಸೇರಿ ಬೇಟೆಯನ್ನು ನಿಷೇಧಿಸಿದರು. ಅಲ್ಲಿನ ಚರ್ಚುಗಳೂ ದನಿಗೂಡಿಸಿದವು. ಅದೇ 2013ರ ನವೆಂಬರ್ ತಿಂಗಳಿನಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಹಂಗೇರಿಯ ತಜ್ಞರೊಡಗೂಡಿ ಮೂರು ಚಾಣಗಳ ಬೆನ್ನಿಗೆ 5 ಗ್ರಾಂ ತೂಕದ ಯಂತ್ರ ಕಟ್ಟಿದರು. ನಾಗಾ, ಪಂಗ್ತಿ, ವೋಖಾ ಎಂದು ಅವುಗಳಿಗೆ ಹೆಸರಿಟ್ಟರು. ಸುಮಾರು 150 ಗ್ರಾಂ ತೂಗುವ ಈ ಜೀವಿ ಭಾರತವನ್ನು ಹಾದು, ಅರಬ್ಬೀ ಸಮುದ್ರದ ಮೇಲೆ ಎಲ್ಲಿಯೂ ಇಳಿಯದೆ ಹಾರಿ ಆಫ್ರಿಕಾ ಮುಟ್ಟುತ್ತದೆ ಎಂಬುದು ಈ ಯಂತ್ರಗಳಿಂದ ಸ್ಪಷ್ಟವಾಯಿತು.

ಪಂಗ್ತಿಯ ಜನ ಶ್ರೀಮಂತರಲ್ಲ. ಬಲೆಯ ಆದಾಯ ಬಿಡುವುದು ಅವರಿಗೆ ಸುಲಭವಾಗಿರಲಿಲ್ಲ. ಆದರೂ ಬಿಟ್ಟರು. ಸಾವಿರಾರು ಮೈಲಿ ಹಾರಿ ಬಂದ ಜೀವ ಒಂದು ಊರಿನ ಬಲೆಯಲ್ಲಿ ಸತ್ತರೆ, ದಾರಿಯುದ್ದಕ್ಕೂ ಅದನ್ನು ಕಾಪಾಡಿದ ಊರುಗಳ ಶ್ರಮವೆಲ್ಲ ವ್ಯರ್ಥವಲ್ಲವೇ? ದಾರಿ ನಡೆದು ಬಂದವರಿಗೆ ನೀರು, ನೆರಳು, ಅನ್ನ ನೀಡುವುದನ್ನು ದಾಸೋಹವೆಂದು ನಂಬಿದ ಮನೆತನಗಳು ನಮ್ಮವು. ಸಕಲ ಜೀವರಿಗೂ ಲೇಸನ್ನು ಬಯಸುವುದು ಶರಣರು ತೋರಿದ ಹಾದಿ. ಆ ಸಕಲ ಜೀವರಲ್ಲಿ ಹೊಲದ ಮೇಲೆ ಹಾರುವ ಗಿಡುಗನೂ ಸೇರಿದೆಯಷ್ಟೆ!

ನಮ್ಮ ಮನೆಗಳಲ್ಲಿ ಮಾಡಬಹುದಾದ ಕೆಲಸಗಳು ಕೆಲವಿವೆ. ಮಕ್ಕಳ ಕೈಯಿಂದ ಕವಣೆಯನ್ನು ಬಿಡಿಸಿ, ಹಕ್ಕಿಗಳ ಹೆಸರು ಕಲಿಸೋಣ. ಇಲಿಗೆ ವಿಷವಿಟ್ಟರೆ, ಆ ಇಲಿಯನ್ನು ತಿಂದ ಹಕ್ಕಿಯೂ ಸಾಯುತ್ತದೆ. ಇಲಿ, ಮಿಡತೆಗಳನ್ನು ಹಿಡಿದು ಬೆಳೆ ಕಾಯುವವನನ್ನು ನಾವೇ ಕೊಂದಂತಾಗುತ್ತದೆ. ಆದುದರಿಂದ ವಿಷದ ಬಳಕೆಯನ್ನು ಆದಷ್ಟು ತಗ್ಗಿಸೋಣ. ಬೇಟೆಹಕ್ಕಿಗಳನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದನ್ನು ನೆರೆಹೊರೆಗೂ ತಿಳಿಸೋಣ. ಉಂಗುರವಿರುವ ಹಕ್ಕಿ ಸತ್ತು ಸಿಕ್ಕರೆ ಅದರ ಸಂಖ್ಯೆ, ಸ್ಥಳ, ದಿನಾಂಕಗಳನ್ನು ಬರೆದು ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಲುಪಿಸೋಣ. ಜೀವಂತ ಹಕ್ಕಿಯ ಉಂಗುರವನ್ನು ಮಾತ್ರ ಎಂದಿಗೂ ಬಿಚ್ಚಬಾರದು.

ಆ ಉಂಗುರ ಯಾವುದೋ ದೂರದ ನಾಡಿನವರು ವಿಳಾಸ ತಿಳಿಯದೆ ಕಳುಹಿಸಿದ ಓಲೆ. ಅದು ಯಾರ ಕೈಗೆ ಸೇರುತ್ತದೆಯೋ ಅವರೇ ಅದಕ್ಕೆ ಉತ್ತರ ಬರೆಯಬೇಕಾದವರು.