ಎರಡು ಭಾಷೆಗಳ ನಡುವೆ ಗ್ಲೋರಿಯಾ

‘ಗ್ರೇಟೆಸ್ಟ್ ಹಿಟ್ಸ್’ ಎಂಬ ಹಣೆಪಟ್ಟಿ ಕಂಡರೆ ನನಗೆ ಸಣ್ಣ ಅನುಮಾನ. ಹಳೆಯ ಹಾಡುಗಳಿಗೆ ಹೊಸ ಹೊದಿಕೆ ಹಾಕಿ ಕಂಪೆನಿ ಗಲ್ಲಾಪೆಟ್ಟಿಗೆ ತುಂಬಿಸಿಕೊಳ್ಳುತ್ತದೆ. ಅಭಿಮಾನಿ ಮತ್ತೆ ಜೇಬಿಗೆ ಕೈ ಹಾಕುತ್ತಾನೆ. ಆದರೆ 1992ರಲ್ಲಿ ಬಂದ ಗ್ಲೋರಿಯಾ ಎಸ್ಟೆಫಾನ್ ಸಂಕಲನವನ್ನು ಆ ಸಾಲಿಗೆ ಸೇರಿಸಲು ಮನಸ್ಸಾಗುವುದಿಲ್ಲ.

ಗ್ಲೋರಿಯಾ ಹುಟ್ಟಿದ್ದು 1957ರಲ್ಲಿ, ಹವಾನಾದಲ್ಲಿ. ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಮೇಲೆ ಕುಟುಂಬ ಕ್ಯೂಬಾ ಬಿಟ್ಟು ಮಿಯಾಮಿ ಸೇರಿತು. ತಂದೆ ಬೇ ಆಫ್ ಪಿಗ್ಸ್ ದಾಳಿಯಲ್ಲಿ ಸೆರೆಸಿಕ್ಕರು. ಬಿಡುಗಡೆಯಾದ ಮೇಲೆ ಅಮೆರಿಕದ ಸೈನಿಕನಾಗಿ ವಿಯೆಟ್ನಾಂಗೆ ಹೋಗಿಬಂದು, ಕಾಯಿಲೆಯಿಂದ ಹಾಸಿಗೆ ಹಿಡಿದರು. ಅವರ ಆರೈಕೆಯ ನಡುವೆ ಗಿಟಾರ್ ಹಿಡಿದು ಹಾಡಿಕೊಳ್ಳುತ್ತಿದ್ದ ಹುಡುಗಿ ಈಕೆ. ಮುಂದೆ ಎಮಿಲಿಯೊ ಎಸ್ಟೆಫಾನ್‌ನ ತಂಡ ಸೇರಿದಳು. 1978ರಲ್ಲಿ ಆತನನ್ನೇ ಮದುವೆಯಾದಳು. ಆ ತಂಡವೇ ‘ಮಿಯಾಮಿ ಸೌಂಡ್ ಮಷೀನ್’.

ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಸ್ಪ್ಯಾನಿಷ್ ಹಾಡುಗಳೇ ಹೆಚ್ಚು. 1985ರ ‘ಕಾಂಗ’ ಇಂಗ್ಲಿಷ್ ಮಾತಿಗೆ ಕ್ಯೂಬಾದ ತಾಳ ಕಟ್ಟಿತು. ಅಮೆರಿಕದವರಿಗೆ ಇದು ತೀರಾ ಲ್ಯಾಟಿನ್, ಲ್ಯಾಟಿನ್ ಜನಕ್ಕೆ ತೀರಾ ಅಮೆರಿಕನ್ ಎಂದು ಬಲ್ಲವರು ಮೂಗು ಮುರಿದರಂತೆ. ಹಾಡು ಬಿಲ್‌ಬೋರ್ಡ್‌ನ ಮೊದಲ ಹತ್ತರೊಳಗೆ ಬಂದು ಕೂತಿತು!

ಎಲ್ಲ ಚೆನ್ನಾಗಿರುವಾಗಲೇ 1990ರ ಮಾರ್ಚ್ 20 ಬಂತು. ಪೆನ್ಸಿಲ್ವೇನಿಯಾದ ಹಿಮ ಸುರಿಯುವ ಹೆದ್ದಾರಿಯಲ್ಲಿ ಆಕೆಯ ಬಸ್ಸಿಗೆ ಹಿಂದಿನಿಂದ ಲಾರಿ ಗುದ್ದಿತು. ಬೆನ್ನುಮೂಳೆ ಮುರಿಯಿತು. ಟೈಟೇನಿಯಂ ಸರಳುಗಳನ್ನು ಕೂರಿಸಿ ಅದನ್ನು ನಿಲ್ಲಿಸಬೇಕಾಯಿತು. ತಂದೆ ಹಾಸಿಗೆ ಹಿಡಿದದ್ದನ್ನು ಕಂಡಿದ್ದವಳಿಗೆ ಆ ದಿನಗಳು ಹೇಗಿದ್ದಿರಬೇಡ? ವರ್ಷ ತುಂಬುವ ಮೊದಲೇ, 1991ರ ಜನವರಿಯಲ್ಲಿ, ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್ ವೇದಿಕೆಯಲ್ಲಿ ನಿಂತು ‘ಕಮಿಂಗ್ ಔಟ್ ಆಫ್ ದ ಡಾರ್ಕ್’ ಹಾಡಿದಳು. ಅದು ಅಗ್ರಸ್ಥಾನಕ್ಕೇರಿತು.

ಸಂಕಲನದಲ್ಲಿ ಇವೆರಡೂ ಇವೆ. ‘ಆಲ್ವೇಸ್ ಟುಮಾರೊ’ ಸೇರಿದಂತೆ ಕೆಲವು ಹೊಸ ಹಾಡುಗಳೂ ಇವೆ. ನಿಧಾನಗತಿಯ ಪ್ರೇಮಗೀತೆಗಳು ಸ್ವಲ್ಪ ಹೆಚ್ಚಾದವು ಎಂಬುದು ನನ್ನ ತಕರಾರು. ಅದಕ್ಕಿಂತ ದೊಡ್ಡ ಕೊರತೆ, ಹಳೆಯ ಸ್ಪ್ಯಾನಿಷ್ ಗ್ಲೋರಿಯಾ ಇಲ್ಲಿ ಕಾಣುವುದೇ ಇಲ್ಲ.

ಆ ಕೊರತೆಯೇ ಈ ಸಂಕಲನದ ಮಹತ್ವ ಎನ್ನಬೇಕು. ಇಂಗ್ಲಿಷಿನ ಲೆಕ್ಕ ಇಲ್ಲಿಗೆ ಚುಕ್ತಾ ಆಯಿತು. ಇನ್ನೊಬ್ಬರಾಗಿದ್ದರೆ ಅದೇ ದಾರಿಯಲ್ಲಿ ಮತ್ತೊಂದು ಡಿಸ್ಕೊ ಹಾಡು ಹಾಡುತ್ತಿದ್ದರು. ಗ್ಲೋರಿಯಾ 1993ರಲ್ಲಿ ‘ಮಿ ತಿಯೆರ್ರಾ’ ತಂದಳು. ಹೆಸರಿನ ಅರ್ಥ ‘ನನ್ನ ನಾಡು’. ಎಲ್ಲ ಹಾಡುಗಳೂ ಸ್ಪ್ಯಾನಿಷ್‌ನಲ್ಲಿ, ಕ್ಯೂಬಾದ ಹಳೆಯ ಶೈಲಿಯಲ್ಲಿ. ಎಪ್ಪತ್ತು ದಾಟಿದ ಕ್ಯೂಬನ್ ಬೇಸ್ ವಾದಕ ಕಚಾವೊ ಅವರ ನುಡಿಸಾಣಿಕೆಯೂ ಇತ್ತು. ಮರುವರ್ಷ ಅದಕ್ಕೆ ಗ್ರ್ಯಾಮಿ ಬಂತು.

1992ರ ಸಂಕಲನ ಕೇಳುವವರು ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಲಿ.