ಹರಿಗೋಲಿನ ಪ್ರಥಮ ಪ್ರಯಾಣ

ಕೃಷ್ಣೆಯ ನಡುಗಡ್ಡೆಗಳಿಗೆ ಮೊದಲ ಸಲ ಹರಿಗೋಲಿನಲ್ಲಿ ಹೊರಡತಕ್ಕ ಗೃಹಸ್ಥರು ಪಂಚಾಂಗವನ್ನೂ ಆಕಾಶವನ್ನೂ ನೋಡಿ ನಿಶ್ಚಿಂತರಾಗುವುದುಂಟು. ನಾವು ಪಂಚಾಂಗವನ್ನು ಆಕ್ಷೇಪಿಸುವವರಲ್ಲ; ಆದರೆ ಅಷ್ಟೇ ಸಾಲದು. ಗೂಗಲ್ಲಿನಲ್ಲಿ ಹನಿ ಮಳೆಯಿಲ್ಲದ ದಿನವೂ ಹೊಳೆ ಏರುವುದು. ಮಹಾಬಳೇಶ್ವರದ ಕಡೆ ಸುರಿದ ನೀರು ಆಲಮಟ್ಟಿ, ನಾರಾಯಣಪುರಗಳ ಅಣೆಕಟ್ಟುಗಳನ್ನು ದಾಟಿ ಇಲ್ಲಿಗೆ ಬರುತ್ತದೆ. ಆದುದರಿಂದ ನಾರಾಯಣಪುರದಲ್ಲಿ ಎಷ್ಟು ನೀರು ಬಿಟ್ಟಿರುವರೆಂದು ಮೊದಲು ವಿಚಾರಿಸತಕ್ಕದ್ದು. ಬುತ್ತಿಯ ಮಾತು ಆಮೇಲೆ.

ಹರಿಗೋಲೆಂದರೆ ದುಂಡನೆಯ ಬಿದಿರ ಬುಟ್ಟಿ. ಒಬ್ಬರು ಎದ್ದು ನಿಂತರೂ ತೂಕ ತಪ್ಪುವುದು. ಮಕ್ಕಳಿಗೆ ಲೈಫ್ ಜಾಕೆಟ್ಟು ತೊಡಿಸಿ ನಡುವೆ ಕೂಡಿಸಬೇಕು. 2020ರ ಆಗಸ್ಟಿನಲ್ಲಿ ರಾಯಚೂರು ಸೀಮೆಯಲ್ಲಿ ಹರಿಗೋಲು ಮಗುಚಿ 13 ಜನರು ನೀರಿಗೆ ಬಿದ್ದರು, ನಾಲ್ವರು ಮರಳಲಿಲ್ಲ. ಅಂಬಿಗನು "ಇವತ್ತು ಬ್ಯಾಡ್ರಿ" ಎಂದರೆ ಹೆಚ್ಚಿನ ಹಣ ತೋರಿಸಿ ಅವನನ್ನು ಒಪ್ಪಿಸಲಾಗದು.